ಮೂಗಕ್ಕನ ಸಹಿ

ಇಪ್ಪತ್ತಾರು ವರ್ಷ ಆಕೆ ಮೂಗಿನಿಂದಲೇ ಅನ್ನ ಸಂಪಾದಿಸಿದವಳು. ಊಟ ಸೇರದ ರೋಗಿಗಳಿಗಾಗಿ ಎಣ್ಣೆಯನ್ನು ನೀರಿನಲ್ಲಿ ಕಡೆದು ಹಾಲಿನಂಥ ಪೇಯ ಮಾಡುವ ಕಾರ್ಖಾನೆ ಅದು. ಪ್ರತಿ ಬ್ಯಾಚಿನ ಹತ್ತು ಬಾಟಲಿಗಳನ್ನು ಬೆಚ್ಚಗಿನ ಕಪಾಟಿನಲ್ಲಿ ಎರಡು ವಾರ ಇಡುತ್ತಾರೆ. ಆಮೇಲೆ ಆಕೆ ಮೂಸಿ ಸಹಿ ಹಾಕಿದರೆ ಮಾತ್ರ ಉಳಿದವು ಲಾರಿ ಹತ್ತುತ್ತವೆ. ಎಲ್ಲರ ಬಾಯಲ್ಲೂ ಆಕೆ ಮೂಗಕ್ಕ. ಆಕೆಗೆಂದೇ ಕಟ್ಟಿಸಿದ ಕೋಣೆ, ಗಾಳಿ ಸೋಸುವ ಯಂತ್ರ ನೋಡಿ ಡ್ರೈವರುಗಳು ಮೂಗಿಗಿಂತ ಮೂಗುತಿ ಭಾರ ಎಂದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನವೂ ಪರಿಮಳದ ಸೋಪು ಮುಟ್ಟದ ಹೆಂಗಸು.

ಮೂರು ತಿಂಗಳ ಹಿಂದೆ ಜ್ವರ ಬಂದು ಹೋಯಿತು, ವಾಸನೆಯನ್ನೂ ಕೊಂಡೊಯ್ದಿತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಬೆನ್ನು ಹಾಕಿ ನಿಂತಿದ್ದ ಆಕೆಗೆ ಗೊತ್ತಾಗಲಿಲ್ಲ. ಒಳಗಿನ ಕೋಣೆಯಿಂದ ಗಂಡ ಕೂಗಿ ಹೇಳಬೇಕಾಯಿತು. ಏನೋ ಯೋಚನೆಯಲ್ಲಿದ್ದೆ ಎಂದು ಅವನಿಗೆ ನೆಪ ಹೇಳಿದಳು. ಅಂದೇ ಕಾರ್ಖಾನೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು, ಇನ್ನೊಂದು ವಾರದಲ್ಲಿ ಸರಿಹೋದೀತು ಎಂದು ಸುಮ್ಮನಾದಳು. ಬಾಟಲಿ ಮೂಸುವ ಹಾಗೆ ಮಾಡಿ, ಎಣ್ಣೆ ಎಷ್ಟು ಕೆಟ್ಟಿದೆಯೆಂದು ಅಳೆಯುವ ಯಂತ್ರ ಕೊಟ್ಟ ಅಂಕಿ ನೋಡಿ ಸಹಿ ಹಾಕತೊಡಗಿದಳು. ಇಂಥ ಸುಮ್ಮನಿರುವಿಕೆ ಮನುಷ್ಯರನ್ನು ತಿಂದುಹಾಕುತ್ತದೆ.

ಆ ಹೊತ್ತಿಗೇ ಹೊಸ ಕೆಮಿಸ್ಟ್ ಬಂದ. ಎಣ್ಣೆ ಕಮಟು ಹಿಡಿಯದಂತೆ ಬೆರೆಸುವ ಕಾವಲು ಪುಡಿಯನ್ನು ಬದಲಿಸಿದ.

"ಪೀಪಾಯಿ ಎಣ್ಣೇಲಿ ಇದು ವರ್ಷಗಟ್ಟಲೆ ಕಾಯ್ದಿದೆ ಮೂಗಕ್ಕ," ಎಂದ.

ಆಕೆಗೆ ನಿವೃತ್ತರಾದ ಹಳೆಯ ಕೆಮಿಸ್ಟರ ಮಾತು ನೆನಪಾಯಿತು. "ಪೀಪಾಯೀಲಿ ಎಣ್ಣೆ ಎಲ್ಲ ಒಂದೇ ಮನೆ ಅಮ್ಮ. ಕಡೆದ ಮೇಲೆ ಒಂದೊಂದು ಹನಿಯೂ ಒಂದೊಂದು ಮನೆ, ಸುತ್ತಲೂ ನೀರು. ಕಾವಲುಗಾರ ಆ ಬಾಗಿಲಲ್ಲೇ ನಿಲ್ಲಬೇಕು. ನೀರನ್ನ ಇಷ್ಟಪಡೋನನ್ನ ಇಟ್ಟರೆ ಅವನು ನೀರಿಗೆ ಇಳಿದುಹೋಗ್ತಾನೆ, ಮನೆ ಹಾಳು."

ಹೊಸ ಪುಡಿ ನೀರಿನಲ್ಲಿ ಸರಾಗವಾಗಿ ಕರಗುವುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಕೇಳೋಣವೆನಿಸಿತು. ಆದರೆ, "ಹಾಗಾದರೆ ನಿಮಗೆ ವಾಸನೆ ಏನು ಬರ್ತಿದೆ?" ಎಂದು ಅವನು ತಿರುಗಿ ಕೇಳಿದರೆ?

ಹೊಸ ಪುಡಿಯ ಮೊದಲ ಬ್ಯಾಚು ಕಪಾಟು ಸೇರಿದ ಎರಡನೆಯ ವಾರ ಕೆಮಿಸ್ಟ್ ಖುಷಿಯಿಂದ ಬಂದ. "ಅಂಕಿ ಮೊದಲನೇ ವಾರ ಏರಿತ್ತು, ಈಗ ಇಳಿದಿದೆ ನೋಡಿ. ತಾನಾಗೇ ಸರಿಹೋಯ್ತು."

ಆಕೆ ಅಂಕಿಗಳನ್ನು ಮತ್ತೆ ಓದಿದಳು. ಹಳಬರು ಅದನ್ನೂ ಹೇಳಿದ್ದರು: ಏರಿದ ಅಂಕಿ ಇಳಿದರೆ ಎಣ್ಣೆ ವಾಸಿಯಾಯಿತೆಂದಲ್ಲ, ಕೆಡುವುದನ್ನು ದಾಟಿ ಕೊಳೆತಿದೆ ಎಂದೂ ಇರಬಹುದು. ಆಗ ಯಂತ್ರ ನಂಬಬೇಡ, ಮೂಗು ನಂಬು. ಆ ಮೂಗು ಈಗ ಮುಖದ ಮೇಲಿನ ಬರೀ ಮಾಂಸ. ಆಕೆ ಬಾಟಲಿಯನ್ನು ಎರಡು ಸಲ ಮೂಸಿದಳು. ಏನೂ ಇಲ್ಲ. ಸಹಿ ಹಾಕಿದಳು.

ತಿಂಗಳು ಕಳೆಯಿತು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಹೊಟ್ಟೆಯ ಆಪರೇಷನ್ ಆದಮೇಲೆ ಹಾಸಿಗೆಯಲ್ಲಿದ್ದ. ಕಾರ್ಖಾನೆ ಕೆಲಸದವರಿಗೆ ಕೊಡುವ ಅದೇ ಪೇಯವೇ ಅವನ ಮೂರು ಹೊತ್ತಿನ ಊಟ. ಅಂದು ಬೆಳಿಗ್ಗೆ ಲೋಟ ಮೂಗಿನ ಹತ್ತಿರ ತಂದವನು ಹಾಗೇ ಕೆಳಗಿಳಿಸಿದ.

"ಇದು ಎಣ್ಣೆ ಬಣ್ಣದ ವಾಸನೆ ಕಣೇ. ಬಳಿದ ಬಾಗಿಲು ಒಣಗುವಾಗ ಬರುತ್ತಲ್ಲ, ಅದೇ. ಮೂಸಿ ನೋಡು."

ಮೂಸಿದಳು. ಬಾಟಲಿಯ ಮೇಲಿನ ಬ್ಯಾಚು ನಂಬರು ನೋಡಿದಳು. ಎರಡು ಸಲ ಮೂಸಿ ಸಹಿ ಹಾಕಿದ್ದ ಅದೇ ಬ್ಯಾಚು.

"ಏನಿಲ್ಲ ರೀ," ಎಂದಳು. ಅಭ್ಯಾಸಬಲದಿಂದ ಬಂದ ಮಾತು.

"ನೀನು ಹೇಳಿದ ಮೇಲೆ ಮುಗೀತು. ನನ್ನ ಮೂಗೇ ಕೆಟ್ಟಿರಬೇಕು." ಗಂಡ ಉಸಿರು ಬಿಗಿಹಿಡಿದು ಲೋಟ ಎತ್ತಿದ.

ಆಕೆ ಲೋಟವನ್ನು ಕಸಿದುಕೊಂಡಳು. ಅರ್ಧ ಅವನ ಹೊದಿಕೆಯ ಮೇಲೆ ಚೆಲ್ಲಿತು.

"ಕುಡೀಬೇಡಿ. ನನಗೆ ವಾಸನೆ ಬರಲ್ಲ. ಮೂರು ತಿಂಗಳಾಯ್ತು."

ಅವನು ಬಾಟಲಿ ಎತ್ತಿ ಬ್ಯಾಚು ನಂಬರು ಓದಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೇಳಿದ:

"ಈ ಬ್ಯಾಚು ಎಲ್ಲೆಲ್ಲಿಗೆ ಹೋಗಿದೆ?"

ಆಕೆ ಕಾರ್ಖಾನೆಗೆ ಫೋನು ಹಚ್ಚಿದಳು. ಎತ್ತಿದವನು ಗೇಟಿನ ಕಾವಲುಗಾರ.

"ಇವತ್ತಿನ ಲಾರಿ ನಿಲ್ಲಿಸು," ಎಂದಳು. "ಹೋದ ತಿಂಗಳದ್ದನ್ನೂ ವಾಪಸ್ ತರಿಸಬೇಕು."

"ಆಸ್ಪತ್ರೆ ಲಾರಿ ಆಗಲೇ ಹೋಯ್ತಲ್ಲ ಮೂಗಕ್ಕ," ಎಂದ ಅವನು. "ಯಾಕೆ? ನಿಮ್ಮ ಸಹಿ ಇತ್ತಲ್ಲ."