ನೆಂಟರ ಚೊಂಬಿನ ನೀರು

ನಾಗಮಂಗಲದ ನಮ್ಮ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಕಿಟಕಿಯ ಬಿಸಿಲು ಬಾಟಲಿಗಳ ಸಾಲಿನ ಮೇಲೆ ಬೀಳುತ್ತಿತ್ತು. ಒಂದೊಂದರ ಮೇಲೂ ಒಂದೊಂದು ಊರಿನ ಹೆಸರು. ಫ್ಯಾನಿನ ಸದ್ದಿಗೆ ನನ್ನ ಕಣ್ಣು ಎಳೆಯುವಾಗ, ಆ ಊರುಗಳೆಲ್ಲ ಮೇಜಿನ ಮೇಲೆ ಮಲಗಿ ನಿದ್ದೆ ಮಾಡುತ್ತಿವೆ ಅನ್ನಿಸುತ್ತಿತ್ತು. ನಾನು ಅರಕೆರೆಯವಳು, ನಾಲೆಯ ಸದ್ದು ಕೇಳಿಕೊಂಡು ಬೆಳೆದವಳು. ನೀರೆಂದರೆ ತಾನಾಗಿ ಹರಿದು ಬರುವುದು ಎಂದುಕೊಂಡಿದ್ದವಳಿಗೆ, ಅದನ್ನು ಹಿಡಿದು ಬಾಟಲಿಗೆ ತುಂಬಿ, ನಾಲ್ಕು ಹನಿ ಔಷಧಿ ಹಾಕಿ, ‘ನೀನು ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವ ಕೆಲಸ ಸಿಕ್ಕಿತು. ಬಣ್ಣ ಗುಲಾಬಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು, ಎಳೆಯ ಮಕ್ಕಳ ಹಲ್ಲಿಗೆ ಕೇಡು.

ಆ ಬೇಸಿಗೆ ದೇವಲಾಪುರದ ಕಡೆಯ ಒಂದು ಊರಿಗೆ ಹೋಗಿದ್ದೆ. ಕರೆಂಟಿರಲಿಲ್ಲ, ನಲ್ಲಿಯಲ್ಲಿ ಬರೀ ಗಾಳಿ. ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ನಾವೇ ಹಿಡಿಯಬೇಕು ಅನ್ನುವುದು ನಿಯಮ. ಯಾರಿಗೆ ಬೇಕಿತ್ತು ನಿಯಮ! ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಹುಣಸೆಮರದ ಪಕ್ಕದ ಮನೆಯ ಅಜ್ಜಿ, “ಒಳೀಕ್ ಬಾ ಕಣವ್ವ, ಕೂತ್ಕೊ” ಎಂದು ಮಜ್ಜಿಗೆ ಕೊಟ್ಟರು. ತಣ್ಣನೆಯ ಗಾರೆ ನೆಲ, ಹಜಾರದ ಅರೆಗತ್ತಲು. ಗೋಡೆಗೆ ಒರಗಿ, ಅರೆನಿದ್ದೆಯಲ್ಲೇ, “ಅಜ್ಜಿ, ನೀವು ಕುಡಿಯೋ ನೀರು ಒಂದಿಷ್ಟು ಕೊಡಿ, ಪರೀಕ್ಷೆಗೆ” ಅಂದೆ.

ಅವರು ಫಳಫಳ ಹೊಳೆಯುವ ಹಿತ್ತಾಳೆ ಚೊಂಬಿನಲ್ಲಿ ತಂದುಕೊಟ್ಟರು. ಬಾಟಲಿ ತುಂಬಿಸಿ, ಉಳಿದದ್ದನ್ನು ನಾನೂ ಎರಡು ಗುಟುಕು ಕುಡಿದೆ. ಆ ಕಡೆಯ ಬೋರ್ ನೀರು ಗಡಸು, ನಾಲಿಗೆಗೆ ಅಷ್ಟು ಹಗುರವಾಗಿರುವುದಿಲ್ಲ ಎಂಬುದು ಎಚ್ಚರವಿದ್ದಿದ್ದರೆ ಹೊಳೆಯಬೇಕಿತ್ತು. ಬದಲಿಗೆ ಬಸ್ಸಿನಲ್ಲಿ ತೂಕಡಿಸಿದೆ. ನಮ್ಮೂರಿನ ನಾಲೆಯಲ್ಲಿ ಅಂಗಾತ ತೇಲುತ್ತಿದ್ದ ಹಾಗೆ, ದಂಡೆಯ ಮೇಲಿನ ತೆಂಗಿನ ಮರಗಳು ಹಿಂದೆ ಹಿಂದೆ ಸರಿದ ಹಾಗೆ ಕನಸು. ಲ್ಯಾಬಿನಲ್ಲಿ ಬಣ್ಣ ಗುಲಾಬಿಯಾಗಿಯೇ ಉಳಿಯಿತು. ‘ಕುಡಿಯಲು ಯೋಗ್ಯ’ ಎಂದು ಬರೆದು ಸೀಲು ಒತ್ತಿ ಕಳಿಸಿದೆ.

ಎರಡು ವಾರದ ಮೇಲೆ ಆ ಮನೆಯ ಸೊಸೆ ಮಗಳ ಕೈ ಹಿಡಿದುಕೊಂಡು ಲ್ಯಾಬಿಗೇ ಬಂದಳು. ಇನ್ನೊಂದು ಕೈಯಲ್ಲಿ ನನ್ನದೇ ರಿಪೋರ್ಟು. ನಾನು ಹೋದ ದಿನ ಅವಳು ಹೊಲದಲ್ಲಿದ್ದಳಂತೆ. “ಬಾಯ್ ತೆಗ್ದು ತೋರ್ಸು ಮಗ” ಅಂದಳು. ಮೂರನೇ ಕ್ಲಾಸಿನ ಹುಡುಗಿ. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು.

“ನಾನು ಮಗೀಗೆ ಸರ್ಯಾಗಿ ಹಲ್ಲುಜ್ಜುಸ್ತಿಲ್ಲ ಅಂತ ನಮ್ಮತ್ತೆ ಮೊದ್ಲಿಂದ್ಲೂ ಬೈತಾರೆ. ನೀರಿಂದ ಇರ್ಬೌದು ಅತ್ತೆ ಅಂತಿದ್ದೆ ನಾನು. ಈಗ ಈ ಕಾಗ್ದ ಇಟ್ಕಂಡು ಊರೆಲ್ಲ ಹೇಳ್ಕಂಡ್ ಬತ್ತಾವ್ರೆ, ಸರ್ಕಾರ್ದೋರೇ ನೀರು ಚೆಂದಾಗದೆ ಅಂದವ್ರೆ, ಎಲ್ಲಾ ನನ್ ಸೊಸೆ ಸೋಮಾರಿತನ ಅಂತ. ನಮ್ಮನೆಯೋರೂ ಅಂಗೇ ಅಂತಾವ್ರೆ ಅಕ್ಕ.”

ನನ್ನ ಧಿಮಾಕು ಬಿಡಬೇಕಲ್ಲ! “ಪರೀಕ್ಷೆ ಸುಳ್ಳು ಹೇಳಲ್ಲ ಕಣಮ್ಮ. ನಿಮ್ಮತ್ತೆಯೇ ಚೊಂಬಿನಲ್ಲಿ ತಂದುಕೊಟ್ಟ ನೀರು” ಅಂದೆ.

“ಯಾವ್ ಚೊಂಬು?”

“ಹಿತ್ತಾಳೇದು.”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ ಅಕ್ಕ, ಅದು ನೆಂಟ್ರ ಚೊಂಬು! ಅದ್ರಲ್ಲಿರೋದು ಫಿಲ್ಟ್ರು ನೀರು. ಬಂದೋರ್ಗೆ ಅಂತ ಪಕ್ಕದೂರಿಂದ ಕ್ಯಾನಲ್ಲಿ ತರಿಸಿ ಮಡ್ಗಿರ್ತಾರೆ. ನಾವು ಕುಡ್ಯೋದು ನಲ್ಲೀಲಿ ಬರೋ ಬೋರ್ ನೀರು. ಮನೆಯೋರ್ಗೆ ಯಾಕೆ ಆ ಸಪ್ಪೆ ನೀರು ಅಂತಾರೆ ನಮ್ಮತ್ತೆ.”

ನನ್ನ ಬುದ್ಧಿಗಷ್ಟು ಬೆಂಕಿ ಹಾಕ! ನಿಂತಲ್ಲೇ ನಾಚಿಕೆಯಿಂದ ಬೆವೆತೆ. ಒಂದು ಲೋಟ ಮಜ್ಜಿಗೆಯ ತಂಪಿಗೆ ನಾನು ಒಬ್ಬ ತಾಯಿಯ ಮೇಲೆ ತಪ್ಪು ಹೊರಿಸಿ ಸೀಲು ಹಾಕಿಬಿಟ್ಟಿದ್ದೆ.

ಮಾರನೆಯ ದಿನ ಮೊದಲ ಬಸ್ಸಿಗೇ ಹೋದೆ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಹರಿಯಬಿಟ್ಟು, ಬಾಟಲಿ ಮೂರು ಸಲ ತೊಳೆದು, ನಾನೇ ಹಿಡಿದೆ. ಜಗಲಿಯ ಮೇಲೆ ಎರಡು ಗಾಜಿನ ನಳಿಕೆ ನಿಲ್ಲಿಸಿದೆ, ಒಂದರಲ್ಲಿ ಚೊಂಬಿನ ನೀರು, ಇನ್ನೊಂದರಲ್ಲಿ ನಲ್ಲಿಯ ನೀರು. ಅಜ್ಜಿ ಗೊಣಗುತ್ತಲೇ ಇದ್ದರು. “ಪರೀಕ್ಷೆ ಅಂದ್ಮೇಲೆ ಒಳ್ಳೇದ್ನೇ ಕೊಡ್ಬೇಕಲ್ವಾ? ಮನೆಗ್ ಬಂದೋರ್ ಕೈಗೆ ಬೋರ್ ನೀರ್ ಕೊಡಕಾಯ್ತದಾ? ಮಾನ ಮರ್ವಾದೆ ಬ್ಯಾಡ್ವಾ?” ನನಗೆ ಅವರ ಮೇಲೆ ಕೋಪ ಬರಲಿಲ್ಲ, ನನ್ನ ಮೇಲೇ ಬಂತು.

ಔಷಧಿಯ ಹನಿ ಬಿಟ್ಟೆ. ಎಳೆಬಿಸಿಲಿನಲ್ಲಿ ಎರಡೂ ಗುಲಾಬಿಯಾದವು. ನಾವು ನಾಲ್ವರೂ ನೋಡುತ್ತ ಕೂತೆವು. ಎಲ್ಲೋ ಎಮ್ಮೆಯೊಂದು ಕೂಗಿ ಸುಮ್ಮನಾಯಿತು. ಹೊತ್ತು ನಿಂತೇಹೋದ ಹಾಗಿತ್ತು. ಚೊಂಬಿನ ನೀರು ಹಾಗೇ ಉಳಿಯಿತು. ನಲ್ಲಿಯ ನೀರು ಮೆಲ್ಲಮೆಲ್ಲನೆ ಬಣ್ಣ ಬಿಡುತ್ತ ಬಂದು ಹಳದಿಯಾಯಿತು. ಅಜ್ಜಿ ಆ ನಳಿಕೆಯನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದರು.

ಹಳೆಯ ರಿಪೋರ್ಟಿಗೆ ಅಡ್ಡಗೀಟು ಎಳೆದು, ಹೊಸ ಹಾಳೆಯಲ್ಲಿ ‘ಫ್ಲೋರೈಡ್ ಹೆಚ್ಚು, ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಸೊಸೆಗೆ ಕೊಟ್ಟೆ. ಅವಳು ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದಳು. “ನನ್ ತಪ್ಪಲ್ಲ ಅಂತ ಎಲ್ಲದೆ ಅಕ್ಕ ಇದ್ರಲ್ಲಿ?”

ನಮ್ಮ ಫಾರಮ್ಮಿನಲ್ಲಿ ಉಪ್ಪಿಗೆ, ಗಡಸುತನಕ್ಕೆ, ಕಬ್ಬಿಣಕ್ಕೆ ಒಂದೊಂದು ಕಾಲಂ ಇದೆ. ತಪ್ಪು ಯಾರದು ಅನ್ನುವುದಕ್ಕೆ ಇಲ್ಲ. ಮೇಲಿನವರು ಕೇಳಿದರೆ ಕೇಳಲಿ ಎಂದುಕೊಂಡು ಹಾಳೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ರುಜು ಹಾಕಿದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಹುಡುಗಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು: “ಮಗುವಿನ ಹಲ್ಲು ಹೀಗಾದದ್ದು ನೀರಿನಿಂದ. ತಾಯಿಯ ತಪ್ಪಲ್ಲ.”

“ಜೋರಾಗ್ ಓದು ಮಗ, ನಿಮ್ಮಜ್ಜಿಗೆ ಕೇಳ್ಲಿ” ಅಂದಳು ತಾಯಿ.

“ಕೇಳ್ತು ಬುಡು” ಅಂದರು ಅಜ್ಜಿ. ಮೊಮ್ಮಗಳ ಗದ್ದ ಹಿಡಿದೆತ್ತಿ, ಆ ಹಲ್ಲುಗಳನ್ನು ಬಹಳ ಹೊತ್ತು ನೋಡಿದರು. “ಬಂದೋರ್ಗೆಲ್ಲ ಒಳ್ಳೇದ್ನ ಕೊಟ್ಟು, ನಿಂಗೆ ಇದ್ನ ಕುಡುಸ್ಬುಟ್ನಲ್ಲಾ ಕೂಸೆ.”