ಗುಜರಿಗೆ ಹೋದ ಮಣೆ

ನಮ್ಮ ಮನೆಯಲ್ಲಿ ಗುಜರಿ ಎನ್ನುವ ಮಾತನ್ನು ಅಮ್ಮನ ಎದುರಿಗೆ ಯಾರೂ ಎತ್ತುವುದಿಲ್ಲ. ತುಮಕೂರಿನ ಬಟವಾಡಿಯ ಈ ಬಾಡಿಗೆ ಮನೆಗೆ ಬರುವಾಗ, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ಅಮ್ಮನ ಹಲಸಿನ ಮಣೆಯನ್ನು ಹಳೇ ಪೇಪರಿನ ಜೊತೆ ಗುಜರಿಯವನ ಗಾಡಿಗೆ ಎತ್ತಿಹಾಕಿದವನು ನಾನೇ. ಅವಳನ್ನು ಒಂದು ಮಾತು ಕೇಳಲಿಲ್ಲ. ಹುತ್ರಿದುರ್ಗದ ಅವಳ ತವರಿನಿಂದ, ಮದುವೆಯ ಸಾಮಾನಿನ ಜೊತೆ ಬಂದಿದ್ದ ಮಣೆ ಅದು. ಅದರ ಮೇಲೆ ಕೂತು ಅಮ್ಮ ಐವತ್ತು ವರ್ಷ ಅವರೆಕಾಯಿ ಸುಲಿದಿದ್ದಳು.

ಹೊಸ ಮನೆಯಲ್ಲಿ ಅವಳಿಗೆ ಕೂರುವುದಕ್ಕೇ ಜಾಗವಿಲ್ಲದಂತಾಯಿತು. ಕುರ್ಚಿಯಲ್ಲಿ ಕೂತರೆ ಕಾಲು ಜೋತಾಡುತ್ತವೆ. ಬರಿ ನೆಲದಲ್ಲಿ ಕೂತರೆ ಏಳಲು ಮಂಡಿ ಬಿಡುವುದಿಲ್ಲ. ನಾನು ತಂದುಕೊಟ್ಟ ಪ್ಲಾಸ್ಟಿಕ್ ಮಣೆ ಟೈಲ್ಸ್ ಮೇಲೆ ಜಾರಿ, ಒಂದು ದಿನ ಅಮ್ಮ, ಬುಟ್ಟಿ, ಅವರೆಕಾಯಿ ಮೂರೂ ಮೂರು ದಿಕ್ಕಿಗೆ ಹೋದವು. ಅವತ್ತಿನಿಂದ ಅಡುಗೆ ಕಟ್ಟೆಗೆ ಒರಗಿ ನಿಂತುಕೊಂಡೇ ಸುಲಿಯುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಗಾಡಿಯವನು ಮರದ ಸಾಮಾನನ್ನೆಲ್ಲ ಗುಬ್ಬಿಯ ಒಂದು ಅಂಗಡಿಗೆ ಹಾಕುತ್ತಾನೆಂದು ತಿಳಿದು, ಒಂದು ಭಾನುವಾರ ಅಲ್ಲಿಗೆ ಹೋದೆ.

"ಮಣೆ ಯಾವತ್ತೋ ಒಲೆಗೆ ಹೋಗಿರ್ತದೆ ಬುಡಿ ಮೇಷ್ಟ್ರೇ" ಅಂದ ಅಂಗಡಿಯವನು. "ಈ ಬಾಚಿ ತಗಂಡೋಗಿ. ನಿಮ್ ತಾತನ ಕಾಲದ್ದು."

ನನ್ನ ತಾತ ಜನ್ಮದಲ್ಲಿ ಮರ ಕೆತ್ತುವ ಬಾಚಿ ಮುಟ್ಟಿದವನಲ್ಲ. ಆದರೂ ತಂದೆ. ಮುಂದಿನ ಭಾನುವಾರ ಎರಡು ಉಳಿ. ಅದರ ಮುಂದಿನ ವಾರ ಒಂದು ಗರಗಸ, ತೂತು ಕೊರೆಯುವ ಒಂದು ಬೈರಿಗೆ, ಮರ ನಯ ಮಾಡುವ ಒಂದು ಉಜ್ಜುಗೊರಡು. ಹುಚ್ಚು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ತುಕ್ಕು ಉಜ್ಜಿ, ಮರದ ಭಾಗಗಳಿಗೆಲ್ಲ ಮೂರು ಕೋಟ್ ವಾರ್ನಿಶ್ ಹೊಡೆದು, ಹಾಲಿನ ಗೋಡೆಗೆ ಸಾಲಾಗಿ ನೇತುಹಾಕಿದೆ. ಮೇಲೊಂದು ಪುಟ್ಟ ಬಲ್ಬು ಹಾಕಿಸಿದೆ. ಆಯುಧಪೂಜೆಗೆ ಒಂದೊಂದಕ್ಕೂ ಸೇವಂತಿಗೆ ಹಾರ.

"ಅತ್ತೆ ಮಣೆ ಹೊರಗೆ, ಯಾರ್ದೋ ಬಾಚಿ ಒಳಗೆ. ಚೆನ್ನಾಗಿದೆ ಕಣ್ರೀ ನಿಮ್ ನ್ಯಾಯ" ಅಂದಳು ನನ್ನ ಹೆಂಡತಿ.

ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿದಳು. "ಇಷ್ಟೊಂದ್ ಸಾಮಾನ್ ಐತಲ್ಲಪ್ಪ, ಒಂದ್ ಮಣೆ ಆಗಲ್ವಾ?"

ನನಗೆ ಚುರುಕ್ಕೆಂದಿತು. ಮಣೆ ಎಂದರೆ ಏನು ಮಹಾ? ಒಂದು ಹಲಗೆ, ಕೆಳಗೆ ಎರಡು ಅಡ್ಡಪಟ್ಟಿ. ಮೂವತ್ತು ವರ್ಷದಿಂದ ಮಕ್ಕಳಿಗೆ ಲಂಬಕೋನ ಹೇಳಿಕೊಡುತ್ತಿರುವ ಗಣಿತದ ಮೇಷ್ಟ್ರು ನಾನು. ಮಾರನೇ ದಿನವೇ ಒಂದು ಹಲಸಿನ ಹಲಗೆ ತಂದು, ಗೋಡೆಯಿಂದ ಉಜ್ಜುಗೊರಡು ಇಳಿಸಿ, ಜೋರಾಗಿ ತಳ್ಳಿದೆ. ಅದು ಹಲಗೆಗೆ ಅಂಟಿಕೊಂಡು ನಿಂತಿತು. ಇನ್ನೂ ಜೋರಾಗಿ ತಳ್ಳಿದೆ. ಹಲಗೆಯೇ ಜಾರಿ ಹೋಗಿ ತುಳಸಿ ಕುಂಡಕ್ಕೆ ಬಡಿಯಿತು. ಉಜ್ಜುಗೊರಡನ್ನು ಸುಮ್ಮನೆ ತಂದು ಮತ್ತೆ ಗೋಡೆಗೆ ನೇತುಹಾಕಿದೆ.

ನಮ್ಮ ಶಾಲೆಯ ಬೆಂಚುಗಳನ್ನು ಮಾಡಿಕೊಟ್ಟ ಹಿರಿಯ ಆಚಾರ್ರೊಬ್ಬರು ಕುಣಿಗಲ್ಲಿನಲ್ಲಿದ್ದಾರೆ. ತುಮಕೂರಿಗೆ ಬಂದಾಗ ಒಮ್ಮೆ ಮನೆಗೆ ಬನ್ನಿ ಅಂತ ಫೋನು ಮಾಡಿದೆ. ಬಂದರು. ಹಾಲಿಗೆ ಕಾಲಿಟ್ಟವರು ಗೋಡೆಯ ಮುಂದೆ ನಿಂತುಬಿಟ್ಟರು. ಒಣಗಿದ ಹಾರಗಳನ್ನೂ ಬಲ್ಬನ್ನೂ ನೋಡಿ, ಮೆಲ್ಲಗೆ ಕೇಳಿದರು: "ಯಾವಾಗ ತೀರ್ಕಂಡಿದ್ದು?"

"ಯಾರು ಆಚಾರ್ರೇ?"

"ಇವೇ. ಹಾರ ಹಾಕಿ, ಮೇಲೊಂದು ದೀಪ ಹಚ್ಚಿದೀರಲ್ಲ."

ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ನಕ್ಕಿದ್ದು ಕೇಳಿಸಿತು. ಆಚಾರ್ರು ಉಜ್ಜುಗೊರಡನ್ನು ಇಳಿಸಿ ಅಂಗಾತ ಮಾಡಿದರು. "ಅಂಗಾಲಿಗೂ ವಾರ್ನಿಶ್ ಬಳ್ದಿದೀರಲ್ಲ ಮೇಷ್ಟ್ರೇ. ಅಂಟ್ಕಳ್ದೆ ಇನ್ನೇನ್ ಮಾಡ್ತದೆ?" ಒಡೆದ ಗಾಜಿನ ಚೂರು ತರಿಸಿ ವಾರ್ನಿಶ್ ಕೆರೆದರು. ತಳಕ್ಕೆ ಹರಳೆಣ್ಣೆ ಸವರಿದರು. ನಾನು ಮಣೆಯ ಕಥೆಯನ್ನೆಲ್ಲ ಹೇಳಿ, ನೀವೇ ಒಂದು ಮಾಡಿಕೊಟ್ಟುಬಿಡಿ ಅಂದೆ.

"ಮಾಡ್ಕೊಡಲ್ಲ. ಕಳ್ದೋರೇ ಮಾಡ್ಬೇಕು. ಭಾನುವಾರ ಹಲಗೆ ತಗಂಡ್ ಬನ್ನಿ, ಹೇಳ್ಕೊಡ್ತೀನಿ."

ನಾಲ್ಕು ಭಾನುವಾರ ಹಲಗೆ ಹೊತ್ತುಕೊಂಡು ಹೆಬ್ಬೂರು ದಾರಿಯ ಬಸ್ಸಿನಲ್ಲಿ ಓಡಾಡಿದೆ. "ಇದಕ್ಕೂ ಸೀಟ್ ಬೇಕಾ ಸಾರ್?" ಅಂತ ಕಂಡಕ್ಟರ್ ಪ್ರತಿ ವಾರವೂ ಕೇಳಿದ. ಕುಣಿಗಲ್ಲಿನಲ್ಲಿ ನಾನು ವಿದ್ಯಾರ್ಥಿ, ಅದೂ ದಡ್ಡ ವಿದ್ಯಾರ್ಥಿ. ನನ್ನ ಲಂಬಕೋನವನ್ನು ಮೂಲೆಮಟ್ಟ ಇಟ್ಟು ನೋಡಿದ ಆಚಾರ್ರು, ಪಾಪ, ಮತ್ತೆ ಗೆರೆ ಎಳೆಸಿದರು. ಮರದ ನಾರಿಗೆ ಎದುರಾಗಿ ತಳ್ಳಿ ಚಕ್ಕೆ ಕಿತ್ತುಬಂದಾಗ ಮಾತ್ರ ಕೈ ಹಿಡಿದರು. "ಬೆಕ್ಕಿನ ಮೈ ಎದುರಾಗಿ ಸವರ್ತೀರಾ? ಇದೂ ಹಂಗೇಯ. ನಾರು ಮಲಗಿರೋ ಕಡೆಗೆ ತಳ್ಳಿ."

ತಳ್ಳಿದೆ. ತೆಳ್ಳನೆಯ ಹಳದಿ ಸಿಪ್ಪೆಯೊಂದು ಸುರುಳಿ ಸುತ್ತಿಕೊಂಡು ಬಂತು. ಅಷ್ಟು ಖುಷಿ ನನಗೆ ಮೊದಲ ಸಂಬಳ ಬಂದಾಗಲೂ ಆಗಿರಲಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದೆ. ಬಸ್ಸಿನಲ್ಲೇ ಪುಡಿಯಾಗಿತ್ತು.

ಉಪಕರಣಗಳೆಲ್ಲ ಒಂದೊಂದಾಗಿ ಗೋಡೆಯಿಂದ ಇಳಿದವು. ಉಳಿದ ಮೊಳೆಗಳಿಗೆ ಹೆಂಡತಿ ಈಗ ತರಕಾರಿ ಚೀಲ ನೇತುಹಾಕುತ್ತಾಳೆ.

ಮತ್ತೆ ಅವರೆಕಾಯಿ ಬರುವ ಹೊತ್ತಿಗೆ ಮಣೆ ಮುಗಿಯಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಂದಿಟ್ಟೆ. ಅಮ್ಮ ಕಟ್ಟೆ ಹಿಡಿದು ನಿಧಾನವಾಗಿ ಕೂತಳು. ಮಣೆ ಒಂದು ಮೂಲೆಗೆ ಟಕ್ ಎಂದು ಕುಂಟಿತು.

"ನೆಲ ಸಮ ಇಲ್ಲ" ಅಂದೆ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಅಂದಳು ಹೆಂಡತಿ, ಒಲೆಯ ಕಡೆಯಿಂದ.

ಅಮ್ಮ ಆ ಕಡೆ ಈ ಕಡೆ ವಾಲಿ ನೋಡಿದಳು. ಸ್ವಲ್ಪ ಎಡಕ್ಕೆ ಸರಿದು ಕೂತಳು. ಕುಂಟುವುದು ನಿಂತಿತು. ಬುಟ್ಟಿ ಎಳೆದುಕೊಂಡು ಸುಲಿಯಲು ಶುರುಮಾಡಿದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ನಿಂತೇ ಇದ್ದೆ. ಅಷ್ಟರಲ್ಲಿ ಅರ್ಧ ಪಾತ್ರೆ ಕಾಳಾಗಿತ್ತು.

"ಚೆನ್ನಾಗೈತೆ" ಅಂದಳು. ಆಮೇಲೆ ತಲೆಯೆತ್ತದೆಯೇ, "ಇದ್ನ ಗುಜರಿಗ್ ಹಾಕೋ ಮುಂಚೆ ನನ್ನ ಒಂದ್ ಮಾತು ಕೇಳಪ್ಪ" ಅಂದಳು.

ಹೆಂಡತಿ ಒಲೆಯ ಕಡೆಗೆ ತಿರುಗಿಕೊಂಡಳು. ನಾನು ಅಮ್ಮನ ಎದುರಿಗೆ ಬರಿ ನೆಲದಲ್ಲಿ ಕೂತೆ. "ಕೇಳ್ತೀನಮ್ಮ" ಅಂದು, ಬುಟ್ಟಿಯಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ.