ಗಂಟಿಲ್ಲದ ಕೆಂಪು ದಾರ

ಯುಲಿಯಾನ್ ಅತ್ತಿಗೆ ಎದ್ದು ನಿಂತಾಗ ಮದುವೆಯ ರಜಾಯಿಯೂ ಅವರ ಜೊತೆಗೇ ಎದ್ದಿತು. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು. ಅದನ್ನು ಹಿಡಿದು ಅಂಗಳಕ್ಕೆ ಓಡುವ ಅವಸರ. ಆದರೆ ತಮ್ಮ ಜಾಕೆಟ್ಟಿನ ಅಂಚನ್ನು ರಜಾಯಿಯ ಅಂಚಿಗೆ ಸೇರಿಸಿ ಮೊಳದುದ್ದ ಹೊಲಿದುಬಿಟ್ಟಿದ್ದರು. ಕೆಂಪು ರೇಷ್ಮೆಯ ಮೇಲೆ ಆಡುತ್ತಿದ್ದ ನೂರು ಮಕ್ಕಳ ಚಿತ್ತಾರ ಅವರ ಸೊಂಟಕ್ಕೆ ಜೋತುಬಿತ್ತು.

"ಈ ವಯಸ್ಸಲ್ಲಿ ಒಂದೇ ಸಲ ನೂರು ಹೆತ್ತಳಲ್ಲೇ," ಎಂದು ನಕ್ಕವರು ಮದುಮಗನ ಅಜ್ಜಿ ಒಬ್ಬರೇ. ಅವರ ಸೊಸೆ, ಮದುಮಗ ಹೈಬಿನ್‌ನ ತಾಯಿ ರುಯಿಫಾಂಗ್, ಕತ್ತರಿ ತಂದವಳು ಹಾಗೇ ನಿಂತಳು. ಮದುವೆ ರಜಾಯಿಯ ದಾರಕ್ಕೆ ಕತ್ತರಿ ತಾಕಿಸುವ ಹಾಗಿಲ್ಲ. ಈ ಬದಿಯಿಂದ ಆ ಬದಿಗೆ ಒಂದೇ ಎಳೆ, ನಡುವೆ ಗಂಟು ಬೀಳಬಾರದು. ಗಂಟು ದಾರಕ್ಕೂ ಬೇಡ, ಮುಖಕ್ಕಂತೂ ಬೇಡವೇ ಬೇಡ.

"ದಾರ ಮುಟ್ಟಬೇಡ, ಜಾಕೆಟ್ ಕತ್ತರಿಸು," ಎಂದರು ಅತ್ತಿಗೆ.

ಜಾಕೆಟ್ಟಿನ ಅಂಚು ಹೋಯಿತು. ನೀಲಿ ಪಟ್ಟಿಯನ್ನು ಹತ್ತಿಯ ಒಳಗೆ ಮಡಚಿ ಮುಚ್ಚಿದ್ದಾಯಿತು. ಅಷ್ಟರಲ್ಲಿ ಫೋನು ಸುಮ್ಮನಾಗಿತ್ತು. ಸೂಜಿಗಳಿಗೆ ದಾರ ಪೋಣಿಸಿ ಕೊಡುತ್ತಿದ್ದ ನನಗೆ ನಗು ಬರಲಿಲ್ಲ. ಪಕ್ಕದ ಮನೆಯವಳಾಗಿ ಇಷ್ಟು ವರ್ಷ ನೋಡಿದ್ದೇನೆ, ಆ ಕೈ ತಪ್ಪಿದ್ದೇ ಇಲ್ಲ. ಅವರ ಗಂಡ ದೆಫು ಅಣ್ಣ ಜಿಲ್ಲಾ ಆಸ್ಪತ್ರೆಯಲ್ಲಿದ್ದರು. ಯಕೃತ್ತು ಕೈಕೊಟ್ಟಿತ್ತು. ಕರೆ ಅಲ್ಲಿಂದಲೇ ಬಂದದ್ದು.

ಅವರ ಮನೆತನದ ಹೆಸರು ಛಿ. ಆದರೆ ನಮ್ಮ ಊರಲ್ಲಿ ಯುಲಿಯಾನ್ ಅತ್ತಿಗೆಯನ್ನು ಛೀ ಎಂದವರು ಯಾರೂ ಇಲ್ಲ. ಮದುವೆ ರಜಾಯಿ ಹೊಲಿಯಬೇಕಾದವಳು ಪೂರ್ಣಭಾಗ್ಯದ ಹೆಂಗಸಾಗಿರಬೇಕು: ಅಪ್ಪ ಅಮ್ಮ ಬದುಕಿರಬೇಕು, ಗಂಡ ಇರಬೇಕು, ಮಗಳೂ ಇರಬೇಕು ಮಗನೂ ಇರಬೇಕು. ಒಂದೇ ಮಗು ಸಾಕೆಂದು ಸರ್ಕಾರ ಗೋಡೆಗೋಡೆಯ ಮೇಲೆ ಬರೆಸಿದ್ದ ಕಾಲದಲ್ಲಿ ಹೆತ್ತವರು ನಾವು; ಎರಡೂ ಥರದ ಮಕ್ಕಳಿರುವವರನ್ನು ದೀಪ ಹಿಡಿದು ಹುಡುಕಬೇಕು. ಮೊದಲನೆಯದು ಹೆಣ್ಣಾದ ಹಳ್ಳಿಯವರಿಗೆ ಇನ್ನೊಂದಕ್ಕೆ ಅಪ್ಪಣೆ ಸಿಗುತ್ತಿತ್ತು. ಅತ್ತಿಗೆಗೆ ಅದು ಸಿಕ್ಕಿ, ಗಂಡೂ ಹುಟ್ಟಿತು. ಅಂದಿನಿಂದ ಈ ಕರಾವಳಿಯ ಮದುಮಕ್ಕಳೆಲ್ಲ ಅವರ ಹೊಲಿಗೆಯ ಕೆಳಗೇ ಮಲಗಿದ್ದಾರೆ.

ಹಾಗಾಗಿ ಅವರ ಅಪ್ಪನ ಕೆಮ್ಮು ಇಡೀ ಊರಿನ ಚಿಂತೆ. ಮಗನಿಗೆ ಹೆಣ್ಣು ಗೊತ್ತಾದ ಮನೆಯವರು ಮೊದಲು ಆ ಮುದುಕನಿಗೆ ಪೇರಳೆ ಹಣ್ಣಿನ ಪಾಕ ಕಳಿಸುತ್ತಾರೆ. ಜಾರಿ ಬೀಳದಿರಲೆಂದು ಅಮ್ಮನಿಗೆ ರಬ್ಬರ್ ಬೂಟು ಕೊಟ್ಟವರೂ ಇದ್ದಾರೆ. ಎಲ್ಲರೂ ಹೆತ್ತವರನ್ನೇ ಕಾಯುತ್ತಿದ್ದೆವು. ಸಮುದ್ರಪಾಚಿ ಒಣಗಿಸುವ ಬಯಲಲ್ಲಿ ಎತ್ತಿನಂತೆ ದುಡಿಯುತ್ತಿದ್ದ ದೆಫು ಅಣ್ಣನ ಕಡೆ ಯಾರೂ ಕಣ್ಣು ಹಾಯಿಸಿರಲಿಲ್ಲ.

ಸೂಜಿ ಹಿಡಿದ ಈ ಸೋಜಿಗದ ಹೆಂಗಸು ಕರೆದಲ್ಲಿಗೆಲ್ಲ ಯಾಕೆ ಹೋಗುತ್ತಾರೆ ಎನ್ನುವುದು ನಮ್ಮ ಹಳೆಯ ಹರಟೆ. ಹತ್ತಿಗೂ ಪಡಿತರ ಚೀಟಿ ಬೇಕಿದ್ದ ಕಾಲದಲ್ಲಿ ಮದುವೆಯಾದವರು. ಅವರ ಮೊದಲ ರಾತ್ರಿಯ ರಜಾಯಿ ನೆರೆಯವರಿಂದ ತಂದದ್ದು, ಮೂರನೇ ದಿನ ವಾಪಸು ಹೋಯಿತು. ಆ ಚಳಿ ಇನ್ನೂ ಬಿಟ್ಟಿಲ್ಲ ಎನ್ನುವವರು ಕೆಲವರು. ಪುಣ್ಯಕ್ಕೆ ಎನ್ನುವವರು ಕೆಲವರು. ಮದುವೆ ಮನೆಯ ಹಂದಿಮಾಂಸದ ಕಡುಬಿಗೆ ಎಂದು ದೆಫು ಅಣ್ಣನೇ ಕಿಚಾಯಿಸುತ್ತಿದ್ದರು. ಅತ್ತಿಗೆ ಯಾವುದಕ್ಕೂ ಹೂಂ ಅಂದವರಲ್ಲ, ಊಹೂಂ ಅಂದವರೂ ಅಲ್ಲ.

ಫೋನು ಮತ್ತೆ ಶುರುವಾಯಿತು.

"ಅತ್ತಿಗೆ, ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ," ಎಂದ ರುಯಿಫಾಂಗ್ ಮರುಕ್ಷಣವೇ ಅವರ ತೋಳು ಹಿಡಿದಳು. "ಬೇಡ, ತಾಳಿ. ಅಕಸ್ಮಾತ್..."

ಮಾತು ಅಲ್ಲಿಗೇ ನಿಂತಿತು. ರಜಾಯಿ ಹರಡಿದ ಕೋಣೆಯಲ್ಲಿ ಕೆಟ್ಟ ಮಾತು ಆಡಬಾರದು. ಆದರೆ ಆಡದ ಮಾತು ಎಲ್ಲರಿಗೂ ಕೇಳಿಸಿತ್ತು. ದೆಫು ಅಣ್ಣ ಹೋಗಿದ್ದರೆ, ಅಂಗಳದಿಂದ ಒಳಗೆ ಬರುವವರು ವಿಧವೆ. ಅರ್ಧ ಹೊಲಿದ ರಜಾಯಿಗೆ ಇನ್ನೊಂದು ಕೈ ಹಾಕಿಸುವಂತಿಲ್ಲ. ಮದುವೆ ನಾಳಿದ್ದು.

"ಎತ್ತದೇ ಇದ್ರೆ ಮಾತ್ರ ಏನಾಯ್ತು?" ರುಯಿಫಾಂಗ್ ಅಜ್ಜಿಯ ಕಡೆ ತಿರುಗಿದಳು. "ಅಲ್ಲಿ ಏನಾಗಿದ್ಯೋ ಅದು ಆಗಿಯೇ ಇರುತ್ತಲ್ಲ ಅತ್ತೆ. ನನ್ನ ಹೈಬಿನ್ ಈ ರಜಾಯಿ ಹೊದ್ಕೋಬೇಕು."

ಅಜ್ಜಿ, ಕೆಳಗೆ ಬೆಂಕಿ ಉರಿಸಿ ಬೆಚ್ಚಗಿಟ್ಟ ಇಟ್ಟಿಗೆ ಮಂಚದ ಮೂಲೆಯಿಂದ ತೀರ್ಪು ಕೊಟ್ಟರು. "ಸುದ್ದಿ ಕಿವಿಗೆ ಬೀಳೋವರೆಗೂ ಇವಳು ಮುತ್ತೈದೆ. ನಮ್ಮತ್ತೆ ಕಾಲದಿಂದ್ಲೂ ಹಂಗೇನೇ. ಆ ಗುಂಯ್‌ಗುಡೋದನ್ನ ಎಲ್ಲಾದ್ರೂ ತುರುಕು."

"ಅತ್ತಿಗೆ, ನೀವೇ ಹೇಳಿ," ಎಂದೆ ನಾನು. "ಮಾತಾಡ್ಬೇಕು ಅನ್ಸಿದ್ರೆ ಹೋಗಿ. ರಜಾಯಿ ಹಾಳಾಗ್ಲಿ."

ಅವರು ಫೋನನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಮೀನು ಒದ್ದಾಡಿದಂತೆ ಅದು ಒದ್ದಾಡುತ್ತಿತ್ತು. ಆಮೇಲೆ ರುಯಿಫಾಂಗಳ ಕೈಗಿಟ್ಟು, "ಸೂಜಿ ಕೊಡು," ಎಂದರು ನನಗೆ.

ರುಯಿಫಾಂಗ್ ಅದನ್ನು ಹಿಟ್ಟಿನ ಮಡಕೆಯಲ್ಲಿ ಹೂತಳು. ಅಲ್ಲೂ ಅದು ಸುಮ್ಮನಾಗಲಿಲ್ಲ. ಅತ್ತಿಗೆ ಹೊಲಿಯುತ್ತ ಹೋದರು. ಮಡಕೆ ಗುಂಯ್‌ಗುಟ್ಟಿದಾಗಲೆಲ್ಲ ಸೂಜಿ ಒಂದು ಕ್ಷಣ ಬಟ್ಟೆಯೊಳಗೇ ನಿಲ್ಲುತ್ತಿತ್ತು. ಸದ್ದು ನಿಂತ ಬಳಿಕ ಮೇಲೆ ಬರುತ್ತಿತ್ತು. ಬೆರಳಿನ ಸಂದಿಯಲ್ಲಿ ಬೆವರು. ಒಳ್ಳೆಯ ಮಾತನ್ನೇ ಆಡಬೇಕಲ್ಲ, ಯಾರಿಗೂ ಒಂದೂ ಹೊಳೆಯಲಿಲ್ಲ. ಕೊನೆಗೆ ಅಜ್ಜಿ, "ಈ ವರ್ಷ ಮೂಲಂಗಿ ಚೆನ್ನಾಗಿ ಬಂದಿದೆ," ಎಂದರು. ನಾವೆಲ್ಲ ಹೌದು ಹೌದು ಎಂದೆವು.

ಬೇಗ ಮಕ್ಕಳಾಗಲೆಂದು ಕೊನೆಯ ಮೂಲೆಗೆ ಖರ್ಜೂರ, ಕಡಲೆಕಾಯಿ ತುಂಬಿ ಬಾಯಿ ಹೊಲಿದದ್ದಾಯಿತು. ಎಳೆ ಉದ್ದಕ್ಕೂ ಒಂದೇ, ಎಲ್ಲೂ ಗಂಟಿಲ್ಲ. ಅತ್ತಿಗೆ ಕೈ ತೊಳೆದರು. ಮಡಕೆಯಿಂದ ಫೋನು ತೆಗೆದು ಅಂಗಳಕ್ಕೆ ಹೋಗಿ, ಅದರ ಹಿಟ್ಟನ್ನು ಅಂಚು ಹೋದ ಜಾಕೆಟ್ಟಿಗೆ ಒರೆಸಿಕೊಂಡು, ಆಸ್ಪತ್ರೆಯಲ್ಲಿದ್ದ ನಾದಿನಿಗೆ ಕರೆ ಮಾಡಿದರು. ನಾವು ಬಾಗಿಲಲ್ಲೇ ನಿಂತೆವು. ನಾದಿನಿಯ ದನಿ ನಮಗೂ ಕೇಳುವಷ್ಟು ಜೋರು.

"ಎಲ್ಲಿ ಸತ್ತಿದ್ದೆ? ಅಣ್ಣ ಗಂಜಿ ಕುಡಿದ. ಉಪ್ಪಿಲ್ಲ ಅಂತ ನರ್ಸಿಗೆ ಬೈದ. ಡಾಕ್ಟ್ರು ನಾಳೆ ಮನೆಗೆ ಕರ್ಕೊಂಡು ಹೋಗಿ ಅಂದ್ರು."

ರುಯಿಫಾಂಗ್ ಉಸಿರು ಬಿಟ್ಟಳು. ಅತ್ತಿಗೆ ಬಿಡಲಿಲ್ಲ. ಯಕೃತ್ತು ಕೆಟ್ಟವನನ್ನು ವಾಸಿಯಾಗದೆ ಮನೆಗೆ ಕರೆದೊಯ್ಯಿ ಎನ್ನುವುದು ಯಾಕೆಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತು. ಬದುಕಿದ್ದಾರೆ, ಇನ್ನು ಸ್ವಲ್ಪ ದಿನ. ಇದು ಅವರು ಹೊಲಿಯುವ ಕೊನೆಯ ಮದುವೆ ರಜಾಯಿ ಎಂದು ಅವರಿಗೂ ತಿಳಿದಿತ್ತು, ನಮಗೂ ತಿಳಿದಿತ್ತು.

ರುಯಿಫಾಂಗ್ ಅಳುತ್ತ ಅವರ ಎರಡೂ ಕೈ ಹಿಡಿದುಕೊಂಡಳು. "ಅವರನ್ನ ಆ ಸ್ಥಿತೀಲಿ ಬಿಟ್ಟು ಯಾಕೆ ಬಂದ್ರಿ ಅತ್ತಿಗೆ? ನಮ್ಮ ಹುಡುಗನಿಗೆ ಒಳ್ಳೇದಾಗ್ಲಿ ಅಂತ ತಾನೆ? ಇಲ್ಲ, ಒಂದು ಒಳ್ಳೆ ಕೆಲಸ ಮಾಡಿದ್ರೆ ಅಣ್ಣ ಉಳೀತಾರೆ ಅಂತಾನಾ?"

ಅತ್ತಿಗೆ ಅವಳನ್ನೇ ನೋಡಿದರು. ಯೋಚಿಸಿಯೇ ಹೇಳಿದರು.

"ಆ ವಾರ್ಡಲ್ಲಿ ಒಬ್ಬ ರೋಗಿಗೆ ಒಂದೇ ಸ್ಟೂಲು ಕಣೇ. ನಾದಿನಿ ಅದರ ಮೇಲೆ ಕೂತ್ಕೊಂಡಿದ್ದಾಳೆ, ಏಳೋದೇ ಇಲ್ಲ."